ಐದನೇ ಚಾನೆಲ್

ಮಗಳು ತಟ್ಟೆಯ ಮುಂದೆ ಕೂತು ಮತ್ತೊಮ್ಮೆ “ಮೇಡಂ ಹೇಳಿದ್ರು” ಎಂದು ಶುರು ಮಾಡಿದಾಗ ಅವಳ ಅಮ್ಮ ಬ್ಯಾಟರಿ ಅಕ್ಕನ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿಯೇ ತಗುಲಿತು. ಮಗಳಿಗೆ ಅದು ಕೇಳಿಸಲಿಲ್ಲ. ಗೋಡೆಗೆ ಒರಗಿ ಕೂತಿದ್ದ ಅತ್ತೆಗೆ ಕೇಳಿಸಿತು. ಟೀವಿಯ ಸದ್ದು ಕೇಳಿಸದ ಆ ಕಿವಿಗೆ ಸೊಸೆಯ ಪಾತ್ರೆಯ ಸದ್ದು ಮಾತ್ರ ಯಾವತ್ತೂ ತಪ್ಪುತ್ತಿರಲಿಲ್ಲ.

ಮೇಡಂ ಹೇಳಿದ್ದು ಇಷ್ಟು: ಪೆಟ್ಟಿಗೆಯ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು, ಗೆರೆಯ ಒಳಗೆ ನಿಂತು ಯಾರೂ ವಾಕಿಟಾಕಿಯ ಬಟನ್ ಒತ್ತಬಾರದು.

ಅಕ್ಕ ಬಾಯಿ ಮುಚ್ಚಿಕೊಂಡು ಬಡಿಸಿದಳು. ಆ ಗೆರೆ ಅವಳದ್ದು. ಈ ಹುಡುಗಿ ಇನ್ನೂ ಶಾಲೆಗೆ ಹೋಗುತ್ತಿದ್ದಾಗ, ರಜೆಯ ದಿನ ಮನೆಯಲ್ಲಿ ಬಿಡಲಾಗದೆ ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಿ, ಪೆಟ್ಟಿಗೆಯ ಸುತ್ತ ಗೆರೆ ಎಳೆದು, ಇದರೊಳಗೆ ಬಟನ್ ಒತ್ತಿದರೆ ಪೆಟ್ಟಿಗೆಗೆ ಕಿವುಡು ಬರುತ್ತದೆ ಕಂದ ಎಂದು ಹೇಳಿಕೊಟ್ಟವಳು ಅವಳೇ. ಆಗ ಮಗಳು ಕೇಳಿಸಿಕೊಳ್ಳುವ ಬದಲು ಆ ಗೆರೆಯ ಮೇಲೆ ಒಂಟಿ ಕಾಲಲ್ಲಿ ಕುಪ್ಪಳಿಸಿದ್ದಳು. ತಾಯಿ ಹೇಳಿದಾಗ ಗೊಣಗಾಟ, ಇನ್ನೊಬ್ಬಳು ಹೇಳಿದರೆ ಪಾಠ.

ಏಜೆನ್ಸಿಯಲ್ಲಿ ಅವಳನ್ನು ಎಲ್ಲರೂ ಬ್ಯಾಟರಿ ಅಕ್ಕ ಎಂದೇ ಕರೆಯುವುದು. ದೊಡ್ಡ ಸಮಾರಂಭ, ಪ್ರದರ್ಶನ, ಪಂದ್ಯ ಎಲ್ಲೇ ನಡೆದರೂ ಕಾವಲಿಗೆ ಜನ ಕಳಿಸುವ ಏಜೆನ್ಸಿ ಅದು. ಕಾವಲಿನವರ ವಾಕಿಟಾಕಿಗಳಿಗೆ ಚಾರ್ಜ್ ಹಾಕುವುದು, ಅವು ನೆಟ್ಟಗೆ ಮಾತಾಡುತ್ತವೆಯೇ ನೋಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಪೆಟ್ಟಿಗೆಯನ್ನು ಕಾಯುವುದು ಅವಳ ಕೆಲಸ. ಪೆಟ್ಟಿಗೆ ಎಂದರೆ ರಿಪೀಟರ್. ಕೈಯಲ್ಲಿ ಹಿಡಿದು ಒಯ್ಯಬಹುದಾದ, ಸೂಟ್‌ಕೇಸಿನಷ್ಟು ದೊಡ್ಡ ಹಳದಿ ಡಬ್ಬ. ದಪ್ಪ ಗೋಡೆಯ ಆಚೆ, ನೆಲದಡಿಯ ಕೋಣೆಗಳಲ್ಲಿ ನಿಂತವರ ದನಿ ಮೇಲಿನವರೆಗೆ ಬರುವುದಿಲ್ಲ. ಪೆಟ್ಟಿಗೆಯನ್ನು ನಡುವೆ ಇಟ್ಟರೆ ಅದು ಆ ಸಣ್ಣ ದನಿಯನ್ನು ಕೇಳಿಸಿಕೊಂಡು ತನ್ನ ದೊಡ್ಡ ಗಂಟಲಿನಲ್ಲಿ ಎಲ್ಲರಿಗೂ ಮತ್ತೆ ಹೇಳುತ್ತದೆ. ಬಂದೋಬಸ್ತಿಗೆ ಬಂದ ಪೊಲೀಸರು ಕೂಡ ಇದರ ಮೂಲಕವೇ ಮಾತಾಡುವುದು. ಆದರೆ ಅದರ ಕಿವಿ ಬಲು ಸೂಕ್ಷ್ಮ. ಪಕ್ಕದಲ್ಲೇ ನಿಂತು ಯಾರಾದರೂ ಬಟನ್ ಒತ್ತಿದರೆ, ಯಾವ ಚಾನೆಲ್ಲಿನಲ್ಲೇ ಆಗಲಿ, ಅಷ್ಟು ಹೊತ್ತು ದೂರದವರ ದನಿ ಅದಕ್ಕೆ ಮುಟ್ಟುವುದಿಲ್ಲ. ಕಿವಿಯ ಬುಡದಲ್ಲಿ ಒಬ್ಬರು ಕಿರುಚುತ್ತಿದ್ದರೆ ಬಾಗಿಲಲ್ಲಿ ಕರೆದವರು ಕೇಳಿಸದ ಹಾಗೆ. ಗೆರೆ ಇದ್ದದ್ದು ಅದಕ್ಕೆ.

ಮೇಡಂ ಬಂದು ಬಹಳ ಕಾಲವಾಗಿರಲಿಲ್ಲ. ಪೊಲೀಸ್ ವೈರ್‌ಲೆಸ್ ವಿಭಾಗದಲ್ಲಿದ್ದು, ಅದನ್ನು ಬಿಟ್ಟು ಏಜೆನ್ಸಿಗೆ ಬಂದವಳು. ಕೂದಲು ಗಿಡ್ಡ, ಮಾತು ಅದಕ್ಕಿಂತ ಗಿಡ್ಡ. ಎದುರಿಗಿದ್ದಾಗ ಅಕ್ಕ ಅವಳಿಗೆ ‘ನೀವು’ ಎನ್ನುತ್ತಿದ್ದಳು, ಮನಸ್ಸಿನೊಳಗೆ ‘ಅವಳು’. ಮಗಳು ಏಜೆನ್ಸಿಗೆ ಸೇರಿದ ಹೊಸದರಲ್ಲಿ ಎಲ್ಲರೂ ಅವಳನ್ನು ಚಿಕ್ಕ ಬ್ಯಾಟರಿ ಎಂದು ಕರೆದು ನಗುತ್ತಿದ್ದರು. ಮೇಡಂ ಮಾತ್ರ ಒಂದು ಸಲವೂ ಹಾಗೆ ಕರೆಯಲಿಲ್ಲ. ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಆಂಟೆನಾ ಎತ್ತುವುದನ್ನು ಕಲಿಸಿದಳು, ಪೊಲೀಸರ ಜೊತೆ ಮಾತಾಡುವ ರೀತಿ ಕಲಿಸಿದಳು. ಅಲ್ಲಿಂದ ಮನೆಯಲ್ಲಿ ಮೇಡಂ ಜಪ. ಮೇಡಂ ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲವಂತೆ, ಮಗಳೂ ಬಿಟ್ಟಳು. ಹೋದ ವಾರ ಮಗಳು ಕೂದಲು ಕತ್ತರಿಸಿಕೊಂಡು ಬಂದು ನಿಂತಳು, ಥೇಟು ಅವಳ ಹಾಗೆ. ಹುಟ್ಟಿದಂದಿನಿಂದ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹೆಣೆದು ಬೆಳೆಸಿದ ಕೂದಲು. ಚೆನ್ನಾಗಿದೆಯಾ ಎಂದು ಕೇಳಿದಳು. ಚೆನ್ನಾಗಿದೆ ಎಂದಳು ಅಕ್ಕ. ನಿಜಕ್ಕೂ ಚೆನ್ನಾಗಿತ್ತು, ಹೊಟ್ಟೆ ಉರಿದದ್ದು ಅದಕ್ಕೇ ಹೆಚ್ಚು.

ಮಗಳು ಕೈ ತೊಳೆಯಲು ಎದ್ದು ಹೋದ ಮೇಲೆ ಅತ್ತೆ ತಮ್ಮ ತಟ್ಟೆಯನ್ನು ಈಚೆಗೆ ಸರಿಸಿದರು.

“ನನ್ನ ಮಗ ಮದುವೆ ಹೊಸದರಲ್ಲಿ ನಿನ್ನ ಹಿಂದೆ ಹಿಂದೆ ಸುತ್ತುತ್ತಿದ್ನಲ್ಲ, ಆಗ ನನ್ನ ಪಾತ್ರೆಗಳೂ ಹೀಗೇ ಸದ್ದು ಮಾಡ್ತಿದ್ವು.”

“ಪಾತ್ರೆ ಕೈ ಜಾರಿತು ಅತ್ತೆ.”

“ನನಗೂ ಜಾರ್ತಿತ್ತು,” ಎಂದರು ಅತ್ತೆ.

ಮರುದಿನದಿಂದ ಕೆಲಸ ಒಂದು ಹಳೆಯ ನೂಲಿನ ಗಿರಣಿಯಲ್ಲಿ. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿ ಈಗ ಅದನ್ನು ಪ್ರದರ್ಶನಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಮೇಲೆ ಮನೆ ಸಾಮಾನಿನ ಮಳಿಗೆಗಳು. ಕೆಳಗೆ, ಹಿಂದೆ ಹತ್ತಿಯ ಮೂಟೆ ತುಂಬಿಡುತ್ತಿದ್ದ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಜಾಗ. ಹೊರಗಿನಿಂದ ಒಂದು ಇಳಿಜಾರು ದಾರಿ ಕೆಳಗಿಳಿದು, ತಿರುವು ತೆಗೆದುಕೊಂಡು ಒಳಗೆ ಹೋಗುತ್ತಿತ್ತು. ಇಳಿಜಾರಿನ ಮೇಲ್ತುದಿಯಲ್ಲಿ ನಿಂತು ಕಾರು ಬಿಡುವ ಕೆಲಸ ಮಗಳದ್ದು. ಕೆಳಗೆ ತಿರುವಿನ ಆಚೆ ಮೀಸೆ ಮಾವ. ಅಕ್ಕನ ಜೊತೆಯಲ್ಲೇ ಏಜೆನ್ಸಿಗೆ ಸೇರಿದ ಮುದುಕ ಆತ. ಮೀಸೆಯ ಹಿಂದಿನಿಂದ ಮಾತಾಡುವುದರಿಂದ ವಾಕಿಟಾಕಿಯಲ್ಲಿ ಅವನ ಅರ್ಧ ಅಕ್ಷರಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ ಎಂದು ಎಲ್ಲರೂ ಗೇಲಿ ಮಾಡುತ್ತಿದ್ದರು.

ಪೆಟ್ಟಿಗೆಯನ್ನು ಮೇಲಿನ ಅಂತಸ್ತಿನ ಕಿಟಕಿಯಲ್ಲಿಡೋಣ ಎಂದಳು ಅಕ್ಕ. ಮೇಡಂ ಬೇಡವೆಂದು, ನೆಲಮಾಳಿಗೆಗೆ ಇಳಿಯುವ ಮೆಟ್ಟಿಲುಗಳ ನಡುವಿನ ಕಟ್ಟೆಯ ಮೇಲೆ ಇಡಿಸಿದಳು. ಇಟ್ಟು ನೋಡಿದರೆ ಮೀಸೆ ಮಾವನ ದನಿ, ಮೀಸೆಯ ಸಮೇತ, ಗಂಟೆ ಹೊಡೆದಂತೆ ಬಂತು. ಮೇಡಂ ಏನೂ ಹೇಳಲಿಲ್ಲ. ಏನಾದರೂ ಹೇಳಿದ್ದರೆ ಅಕ್ಕನಿಗೆ ಸ್ವಲ್ಪ ಹಗುರವಾಗುತ್ತಿತ್ತು. ಅಕ್ಕ ಸೀಮೆಸುಣ್ಣ ತೆಗೆದು ಕಟ್ಟೆಯ ಸುತ್ತ ಗೆರೆ ಎಳೆದಳು. ಗೋಡೆಯ ಸೀಳುಕಿಟಕಿ ಗೆರೆಯ ಒಳಗೇ ಬಂತು. ಅದರಲ್ಲಿ ಬಗ್ಗಿ ನೋಡಿದರೆ ಇಳಿಜಾರಿನ ಮೇಲ್ತುದಿ, ಅಲ್ಲಿ ನಿಂತ ಮಗಳು ಕಾಣುತ್ತಿದ್ದಳು.

ಅಮ್ಮ ಮಗಳಿಗೆ ಒಂದು ಅಭ್ಯಾಸವಿತ್ತು. ಒಂದನೇ ಚಾನೆಲ್ ಎಲ್ಲರದ್ದು, ಪೆಟ್ಟಿಗೆಯ ಮೂಲಕ ಹೋಗುವಂಥದ್ದು. ಐದನೆಯದು ಪೆಟ್ಟಿಗೆಯ ಹಂಗಿಲ್ಲದೆ ಒಂದು ವಾಕಿಟಾಕಿ ಸೆಟ್ಟಿನಿಂದ ಇನ್ನೊಂದು ಸೆಟ್ಟಿಗೆ ನೇರ ಮಾತಾಡುವಂಥದ್ದು. ಅದನ್ನು ಯಾರೂ ಬಳಸುತ್ತಿರಲಿಲ್ಲ. ಮಗಳು ಕೆಲಸಕ್ಕೆ ಸೇರಿದಾಗಿನಿಂದ ಆಗಾಗ ಐದಕ್ಕೆ ತಿರುಗಿಸುವಳು. ಅಕ್ಕ ಗೆರೆ ದಾಟಿ ಆಚೆ ಹೋಗಿ, ನೀರು ಕುಡಿದೆಯಾ, ಬಿಸಿಲಿಗೆ ಟೋಪಿ ಹಾಕಿಕೊಂಡೆಯಾ ಎಂದು ಕೇಳುವಳು. ಹೂಂ ಎಂದು ಮಗಳು ಒಂದಕ್ಕೆ ವಾಪಸಾಗುವಳು. ಅಷ್ಟೇ ಮಾತು. ಆದರೆ ಆ ಅಷ್ಟರಲ್ಲಿ ಅಕ್ಕನಿಗೆ ಇಡೀ ದಿನ ನಿಲ್ಲುವ ಬಲ ಬರುತ್ತಿತ್ತು.

ಆ ದಿನ ಬೆಳಿಗ್ಗೆ ಸೆಟ್ ತೆಗೆದುಕೊಳ್ಳುವಾಗ ಮಗಳು, ಇವತ್ತಿನಿಂದ ಐದು ಬೇಡ, ಕಾವಲಿಗೆ ನಿಂತ ಮೇಲೆ ಚಾನೆಲ್ ಬದಲಿಸಬಾರದು ಎಂದು ಮೇಡಂ ಹೇಳಿದ್ದಾರೆ ಎಂದಳು. ಆಯ್ತು ಎಂದಳು ಅಕ್ಕ. ಹೇಳುವುದಕ್ಕೆ ಹೇಳಿದಳು, ಮಧ್ಯಾಹ್ನ ಊಟದ ಹೊತ್ತಿಗಾದರೂ ಬಂದೇ ಬರುತ್ತಾಳೆ ಎಂದು ಒಳಗೊಳಗೇ ನಂಬಿಕೊಂಡಳು.

ಮಧ್ಯಾಹ್ನ ಅವಳು ಸೀಳುಕಿಟಕಿಯಲ್ಲಿ ನೋಡಿದಳು. ಮೇಡಂ ಎರಡು ಲೋಟ ಟೀ ಹಿಡಿದುಕೊಂಡು ಇಳಿಜಾರಿನ ಹತ್ತಿರ ಬಂದಿದ್ದಳು. ಮಗಳಿಗೆ ಒಂದನ್ನು ಕೊಟ್ಟಳು. ಮಗಳ ಸೊಂಟದ ಸೆಟ್ಟನ್ನು ತೆಗೆದು ನೋಡಿ ಮತ್ತೆ ಸಿಕ್ಕಿಸಿದಳು. ಏನೋ ಹೇಳಿದಳು, ಮಗಳು ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಹೋಗುವ ಮುಂಚೆ ಮೇಡಂ ಕೈ ಚಾಚಿ ಹುಡುಗಿಯ ಮಡಚಿಕೊಂಡಿದ್ದ ಕಾಲರನ್ನು ನೆಟ್ಟಗೆ ಮಾಡಿದಳು.

ಆ ಕಾಲರಿಗೆ ಬೆಳಿಗ್ಗೆ ಇಸ್ತ್ರಿ ಹಾಕಿದವಳು ಅಕ್ಕ.

ಮೇಡಂ ಮರೆಯಾದ ಮೇಲೆ ಅವಳು ಸೆಟ್ಟನ್ನು ಐದಕ್ಕೆ ತಿರುಗಿಸಿದಳು. ಗೆರೆ ದಾಟಿ ಹೋದರೆ ಕಿಟಕಿ ಬಿಡಬೇಕು, ಕಿಟಕಿ ಬಿಟ್ಟರೆ ಮಗಳು ಕಾಣುವುದಿಲ್ಲ. ಒಂದೇ ಮಾತು ತಾನೇ, ಎಂದುಕೊಂಡು ಅಲ್ಲೇ ನಿಂತು ಬಟನ್ ಒತ್ತಿದಳು. ಮರಿ, ಐದಕ್ಕೆ ಬಾ. ಮಗಳ ಸೆಟ್ ಒಂದರಲ್ಲಿತ್ತು, ಅವಳಿಗೆ ಇದು ಕೇಳಿಸುವಂತೆಯೇ ಇರಲಿಲ್ಲ. ಅಕ್ಕನಿಗೆ ಅದು ಗೊತ್ತಿತ್ತು. ಆದರೂ ಮತ್ತೆ ಒತ್ತಿದಳು. ಮಗಳ ಕೈ ಸೊಂಟಕ್ಕೆ ಹೋಗಲಿಲ್ಲ. ಅದು ಕಾರುಗಳಿಗೆ ಬಾ ಬಾ ಎಂದು ಬೀಸುತ್ತಿತ್ತು.

ಯಾರೂ ಕೇಳದ ಜಾಗದಲ್ಲಿ ಮಾತಾಡುವುದಕ್ಕೆ ಒಂದು ರುಚಿಯಿದೆ. ಅಕ್ಕನ ಹೆಬ್ಬೆರಳು ಬಟನ್ ಬಿಡಲಿಲ್ಲ. ಡಬ್ಬಿ ಬಿಚ್ಚಿದೆಯೋ ಇಲ್ಲವೋ, ಟೀ ಕುಡಿದು ಹೊಟ್ಟೆ ತುಂಬಿಸಿಕೊಂಡೆಯೋ ಎಂದು ಶುರುವಾದದ್ದು ಕೂದಲಿಗೆ ಹೋಯಿತು, ಸಕ್ಕರೆಗೆ ಹೋಯಿತು. ನಿನಗೆ ಜ್ವರ ಬಂದಾಗ ರಾತ್ರಿಯಿಡೀ ಎತ್ತಿಕೊಂಡು ತಿರುಗಿದವಳು ಯಾರು, ಅವಳಾ? ಆ ಗೆರೆ ಯಾರದ್ದೇ, ಅವಳದ್ದಾ? ಮೆಟ್ಟಿಲ ಕತ್ತಲೆಯಲ್ಲಿ, ಬೆನ್ನ ಹಿಂದೆ ಹಳದಿ ಪೆಟ್ಟಿಗೆ ಇಟ್ಟುಕೊಂಡು, ತನ್ನದೇ ಗೆರೆಯ ಒಳಗೆ ನಿಂತು ಅವಳು ಖಾಲಿ ಚಾನೆಲ್ಲಿನಲ್ಲಿ ಮನಸ್ಸು ಬರಿದಾಗುವವರೆಗೂ ಮಾತಾಡಿದಳು.

ಆಗ ಕೆಳಗಿನಿಂದ ಬ್ರೇಕಿನ ಸದ್ದು ಬಂತು. ಗಾಜು ಕೊಯ್ದಂತೆ, ಮೆಟ್ಟಿಲಿನ ಕೊಳವೆಯಲ್ಲಿ ಹತ್ತಿ ಬಂತು. ಹಿಂದೆಯೇ ಯಾರೋ ಹೆಂಗಸಿನ ಕೂಗು.

ಅವಳು ಸೆಟ್ಟನ್ನು ಒಂದಕ್ಕೆ ತಿರುಗಿಸಿದಳು. ಮೀಸೆ ಮಾವನ ದನಿ ತುಂಡಾಗದೆ, ಸ್ಪಷ್ಟವಾಗಿ ಬರುತ್ತಿತ್ತು.

“ಮೇಲೆ ಯಾರಿಗಾದ್ರೂ ಕೇಳಿಸ್ತಿದ್ಯಾ? ಎಷ್ಟು ಸಲ ಕೂಗಲಿ?”

ಏನಾಗಿದೆ ಎಂದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಅಕ್ಕನಿಗೆ ಗೊತ್ತಾಗಿತ್ತು.

ಆದದ್ದು ಹೀಗೆ. ಒಬ್ಬ ಅಜ್ಜಿ ಕಾರಿನಿಂದ ಇಳಿದು ನಡೆದು ಬರುವಾಗ ತಿರುವಿನ ಹತ್ತಿರ ಎಣ್ಣೆ ಚೆಲ್ಲಿದ್ದ ಜಾಗದಲ್ಲಿ ಜಾರಿ ಬಿದ್ದಿದ್ದಳು. ಮೀಸೆ ಮಾವ ಅವಳನ್ನು ಎತ್ತಲು ನೋಡಿದ, ಒಬ್ಬನ ಕೈಲಿ ಆಗಲಿಲ್ಲ. ಮೇಲಿನಿಂದ ಕಾರು ಬಿಡಬೇಡಿ ಎಂದು ಕೂಗಿದ. ಮತ್ತೆ ಮತ್ತೆ ಕೂಗಿದ. ಪೆಟ್ಟಿಗೆಯ ಕಿವಿ ಅಕ್ಕನ ಮಾತಿನಿಂದ ತುಂಬಿಹೋಗಿತ್ತು. ಮೇಲೆ ಏನೂ ಕೇಳಿಸದ ಮಗಳು ಇನ್ನೊಂದು ಕಾರಿಗೆ ಕೈ ಬೀಸಿದಳು. ತಿರುವಿನಲ್ಲಿ ಕಾರು ಕಂಡಾಗ ಮೀಸೆ ಮಾವ ಎರಡೂ ಕೈ ಎತ್ತಿಕೊಂಡು ಅದರ ಎದುರಿಗೇ ನಿಂತುಬಿಟ್ಟ. ಅಜ್ಜಿಗೆ ಮಂಡಿ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಮೀಸೆ ಮಾವನ ಮಣಿಕಟ್ಟು ಮುರಿಯಿತು.

ಅವನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಮ್ಯಾನೇಜರ್ ಮಗಳನ್ನು ಟಿಕೆಟ್ ಕೌಂಟರಿನ ಹಿಂದಿನ ಕೋಣೆಗೆ ಕರೆಸಿದ. ರಟ್ಟಿನ ಡಬ್ಬಗಳ ನಡುವೆ ಒಂದು ಮೇಜು, ಒಂದೇ ಕುರ್ಚಿ. ಅದರಲ್ಲಿ ಅವನು ಕೂತಿದ್ದ. ಮೇಡಂ ಮೇಜಿನ ಪಕ್ಕದಲ್ಲಿ ನಿಂತಿದ್ದಳು. ಅಕ್ಕ ಬಾಗಿಲಿನಿಂದ ಒಳಗೆ ಬರಲಿಲ್ಲ.

ಮ್ಯಾನೇಜರ್ ದನಿ ಎತ್ತುವವನಲ್ಲ, ಅದೇ ಅವನಲ್ಲಿ ಭಯದ ಸಂಗತಿ. ಅಮ್ಮ ಮಗಳು ಬೇರೆ ಚಾನೆಲ್ಲಿನಲ್ಲಿ ಹರಟೆ ಹೊಡೆಯುವುದು ತನಗೆ ಗೊತ್ತಿಲ್ಲವೆಂದು ತಿಳಿದಿದ್ದೀಯಾ ಎಂದು ಕೇಳಿದ. ಮಗಳು ತಾನು ಒಂದರಲ್ಲೇ ಇದ್ದೆನೆಂದಳು. ಮತ್ತೆ ಅದನ್ನೇ ಹೇಳುವಾಗ ಕಣ್ಣು ತುಂಬಿತು. ಸೆಟ್ ಮೇಜಿನ ಮೇಲಿಟ್ಟು ಮನೆಗೆ ಹೋಗು, ನಾಳೆಯಿಂದ ಬರುವುದು ಬೇಡ ಎಂದ ಅವನು.

ಹೇಳಬೇಕು, ಈಗ ಹೇಳುತ್ತೇನೆ, ಇಗೋ ಹೇಳಿದೆ ಎಂದು ಅಕ್ಕ ಅಂದುಕೊಳ್ಳುವಷ್ಟರಲ್ಲಿ ಮೇಡಂ ಮಾತಾಡಿದಳು.

“ಹುಡುಗಿ ಒಂದರಲ್ಲೇ ಇದ್ದಳು. ಸ್ವಲ್ಪ ಮುಂಚೆ ನಾನೇ ಅವಳ ಸೆಟ್ ನೋಡಿ ಬಂದೆ. ಪೆಟ್ಟಿಗೆ ಅಲ್ಲಿಟ್ಟಿದ್ದು ನಾನು. ಅಕ್ಕ ಬೇರೆ ಜಾಗ ಹೇಳಿದ್ರು, ನಾನು ಕೇಳಲಿಲ್ಲ. ಕೆಳಗಿನ ದನಿ ಹಿಡಿದಿಲ್ಲ ಅಂದ್ರೆ ಅದು ನನ್ನ ತಪ್ಪು.”

ಮ್ಯಾನೇಜರ್ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದ. ಪೊಲೀಸರಲ್ಲಿದ್ದವರೆಂದು ಹೆಚ್ಚಿನ ಸಂಬಳ ಕೊಟ್ಟು ಕರೆತಂದದ್ದನ್ನು ನೆನಪಿಸಿದ. ಪ್ರದರ್ಶನದವರಿಗೆ ಏನು ಉತ್ತರ ಹೇಳಲಿ ಎಂದ. ಒಂದು ಪೆಟ್ಟಿಗೆ ಎಲ್ಲಿಡಬೇಕೆಂದು ತಿಳಿಯದವರು ಜನಕ್ಕೆ ಏನು ಕಲಿಸುತ್ತೀರಿ ಎಂದ. ಮೇಡಂ ನೆಟ್ಟಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಬಾಗಿಲಲ್ಲಿ ನಿಂತ ಅಕ್ಕನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮಗಳು ಉಳಿದಳು. ಮೇಡಂ ಬಿದ್ದಳು. ಬೆರಳು ಅಲ್ಲಾಡಿಸದೆ ಎರಡೂ ಆಯಿತು. ಇನ್ನು ಮನೆಯಲ್ಲಿ ‘ಮೇಡಂ ಹೇಳಿದ್ರು’ ಇರುವುದಿಲ್ಲ. ಕೂದಲು ಮತ್ತೆ ಬೆಳೆಯುತ್ತದೆ. ತಾನು ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಆಗ ಮಗಳು ಕಣ್ಣೊರೆಸಿಕೊಂಡು ಎರಡು ಹೆಜ್ಜೆ ಸರಿದು ಮೇಡಂ ಪಕ್ಕಕ್ಕೆ ಹೋಗಿ ನಿಂತಳು. ತಾನೇನು ಮಾಡುತ್ತಿದ್ದೇನೆಂದು ಅವಳಿಗೇ ತಿಳಿಯದ ಹಾಗೆ ಮೇಡಂ ತೋಳಿನ ಬಟ್ಟೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು. ಚಿಕ್ಕವಳಿದ್ದಾಗ ಡಾಕ್ಟರ ಮುಂದೆ ಅಕ್ಕನ ಸೆರಗು ಹಿಡಿದುಕೊಳ್ಳುತ್ತಿದ್ದ ಹಾಗೆ.

ಅಕ್ಕ ಕೋಣೆಯೊಳಗೆ ಬಂದಳು.

“ಪೆಟ್ಟಿಗೆ ಜಾಗ ಸರಿಯಾಗೇ ಇತ್ತು,” ಎಂದಳು. “ಅದನ್ನ ಕಿವುಡು ಮಾಡಿದ್ದು ನಾನು. ಕಿಟಕಿ ಹತ್ರ ನಿಂತು ಐದರಲ್ಲಿ ಇವಳನ್ನ ಕರೀತಿದ್ದೆ. ಇವಳು ಬರಲಿಲ್ಲ. ನಾನು ಬಟನ್ ಬಿಡಲಿಲ್ಲ.”

“ಗೆರೆ ಒಳಗೇನಾ?” ಎಂದಳು ಮೇಡಂ.

“ಒಳಗೇ.”

ಮೇಡಂ ಮುಖ ಕೆಂಪಾಯಿತು. ಅಕ್ಕ ಅವಳಿಂದ ದೊಡ್ಡ ಮನಸ್ಸನ್ನು ನಿರೀಕ್ಷಿಸಿರಲಿಲ್ಲ, ಅದು ಬರಲೂ ಇಲ್ಲ. ಹೊಸಬರು ಬಂದಾಗಲೆಲ್ಲ ಇದು ಬ್ಯಾಟರಿ ಅಕ್ಕನ ಗೆರೆ ಎಂದು ಹೇಳಿಕೊಟ್ಟು, ಅದನ್ನು ದಾಟಬೇಡಿ ಎಂದು ಬೇಡಿಕೊಳ್ಳುವುದು ತನ್ನ ಕೆಲಸವಾಗಿದೆ, ಎಳೆದವರಿಗೇ ಅದರ ಲೆಕ್ಕವಿಲ್ಲವೆಂದರೆ ಹೇಗೆ ಎಂದಳು. ಒಬ್ಬ ಮುದುಕ ಇವತ್ತು ಸಾಯುವವನಿದ್ದ ಎಂದಳು. ಅಕ್ಕ ತಲೆ ಎತ್ತಲಿಲ್ಲ. ಅಷ್ಟು ಅವಮಾನದ ನಡುವೆಯೂ ಬ್ಯಾಟರಿ ಅಕ್ಕನ ಗೆರೆ ಎಂಬ ಮಾತು ಕಿವಿಯಲ್ಲಿ ನಿಂತಿತು. ಹಾಗಾದರೆ ಮನೆಯಲ್ಲಿ ಮಗಳು ಆ ಹೆಸರನ್ನು ಯಾಕೆ ನುಂಗಿದ್ದಳು?

ಮ್ಯಾನೇಜರ್ ಬೇಗ ಮುಗಿಸಿದ. ಪೆಟ್ಟಿಗೆ ಇನ್ನು ಮೇಡಂ ವಶಕ್ಕೆ. ಬ್ಯಾಟರಿ ಅಕ್ಕ ನಾಳೆಯಿಂದ ಮೀಸೆ ಮಾವನ ಜಾಗದಲ್ಲಿ, ನೆಲಮಾಳಿಗೆಯಲ್ಲಿ. ಮನೆಗೆ ಕಳಿಸದೆ ಇರುವುದು ಇಷ್ಟು ವರ್ಷದ ಕೆಲಸ ನೋಡಿ.

ಸಂಜೆ ಅಮ್ಮ ಮಗಳು ಆಸ್ಪತ್ರೆಗೆ ಹೋಗಿ ಬಂದರು. ನೀನು ಬಂದು ನನ್ನ ಕೈ ನೋಡೋದಕ್ಕಿಂತ ಆಗ ಬಾಯಿ ಮುಚ್ಚಿದ್ರೆ ಚೆನ್ನಾಗಿತ್ತು ಎಂದು ಮೀಸೆ ಮಾವ ಬೈದ. ಬೈದು, ಅವಳು ತಂದ ಬ್ರೆಡ್ಡನ್ನು ಎಡಗೈಯಲ್ಲಿ ತಿಂದ. ಅಲ್ಲಿಂದ ಬಸ್ ನಿಲ್ದಾಣದವರೆಗೆ ಮಗಳು ಮುಂದೆ, ಅಕ್ಕ ಹಿಂದೆ. ಅಂಗಡಿಗಳ ದೀಪ ಹತ್ತುವ ಹೊತ್ತು. ಗಿಡ್ಡ ಕೂದಲಿನ ಕೆಳಗೆ ಮಗಳ ಕತ್ತು ತೆಳ್ಳಗೆ, ಬಿಳುಪಾಗಿ ಕಾಣುತ್ತಿತ್ತು. ಜಡೆ ಇದ್ದಾಗ ಬಿಸಿಲು ಬೀಳದ ಜಾಗ ಅದು.

ನಿಲ್ದಾಣದಲ್ಲಿ ಮಗಳು ತಿರುಗಿದಳು.

“ಮೇಡಂ ಎಲ್ಲ ತಮ್ಮ ಮೇಲೆ ಹಾಕ್ಕೊಂಡಿದ್ರಲ್ಲಮ್ಮ. ನೀನ್ಯಾಕೆ ಬಾಯಿ ಬಿಟ್ಟೆ?”

ಸತ್ಯ ಹೇಳಬೇಕಲ್ಲವೇ ಎನ್ನಬಹುದಿತ್ತು. ಇನ್ನೊಬ್ಬರ ತಲೆಗೆ ಕಟ್ಟಬಾರದು ಎನ್ನಬಹುದಿತ್ತು. ಎರಡೂ ಬಾಯಿಯವರೆಗೆ ಬಂದವು.

“ನಿನ್ನ ಪರವಾಗಿ ಅವಳು ಬೈಸ್ಕೊಳ್ಳೋದು ನನಗೆ ನೋಡೋಕಾಗಲಿಲ್ಲ,” ಎಂದಳು ಅಕ್ಕ. “ಅದು ನನ್ನ ಪಾಲಿಂದು.”

ಮಗಳು ತಾಯಿಯನ್ನೇ ನೋಡಿದಳು. ಬೈಯಬೇಕೋ ನಗಬೇಕೋ ತಿಳಿಯದ ಮುಖ.

“ನಿನಗೆ ಹೊಟ್ಟೆಕಿಚ್ಚು.”

“ಹೂಂ.”

“ಅಷ್ಟೊಂದಾ?”

“ನಿಮ್ಮಜ್ಜಿನ ಕೇಳು.”

ಬಸ್ಸು ಬಂತು, ತುಂಬಿತ್ತು, ಬಿಟ್ಟರು. ಇನ್ನೊಂದಕ್ಕೆ ಕಾಯುವಾಗ ಅಕ್ಕ ಕೇಳಿದಳು, ಗೆರೆ ಬ್ಯಾಟರಿ ಅಕ್ಕನದೆಂದು ಮೇಡಂ ಹೇಳುತ್ತಿದ್ದರೂ ನೀನು ಮನೆಯಲ್ಲಿ ಯಾಕೆ ಹಾಗೆ ಹೇಳಲಿಲ್ಲವೆಂದು. ಮಗಳು ರಸ್ತೆಯ ಕಡೆ ನೋಡುತ್ತ, ಅಲ್ಲಿ ಎಲ್ಲರಿಗೂ ತಾನು ಅಕ್ಕನ ಮಗಳು, ಚಿಕ್ಕ ಬ್ಯಾಟರಿ, ಮನೆಯಲ್ಲಾದರೂ ಬೇರೆ ಯಾರದೋ ಶಿಷ್ಯೆಯಾಗಿರಬೇಕು ಅನ್ನಿಸುತ್ತಿತ್ತು ಎಂದಳು. ಅಕ್ಕನಿಗೆ ಅದು ಪೂರ್ತಿ ಅರ್ಥವಾಗಲಿಲ್ಲ. ಅರ್ಥವಾದಷ್ಟು ನೋವಾಯಿತು. ಕಾಲರ್ ಮತ್ತೆ ಮಡಚಿಕೊಂಡಿತ್ತು. ಕೈ ಎತ್ತಿದವಳು ಇಳಿಸಿಕೊಂಡಳು.

ಮರುದಿನ ನೆಲಮಾಳಿಗೆಯಲ್ಲಿ ಹಗಲು ಎಂಬುದೇ ಇರಲಿಲ್ಲ. ಒಂದು ಟ್ಯೂಬ್‌ಲೈಟು, ಹಳೆಯ ಹತ್ತಿಯ ವಾಸನೆ, ಪೆಟ್ರೋಲಿನ ವಾಸನೆ. ಎಣ್ಣೆ ಚೆಲ್ಲಿದ ಜಾಗಕ್ಕೆ ಯಾರೋ ಮರಳು ಹಾಕಿದ್ದರು. ರಾತ್ರಿಯೇ ಮೇಡಂ ಒಂದು ಹೊಸ ನಿಯಮ ಮಾಡಿದ್ದಳು: ಮೇಲಿನಿಂದ ಕಾರು ಬಿಡುವ ಮುಂಚೆ ಪ್ರತಿ ಸಲವೂ ಕೆಳಗೆ ಕೇಳಬೇಕು, ಕೆಳಗಿನವರು ಬರಲಿ ಎಂದ ಮೇಲೆಯೇ ಬಿಡಬೇಕು. ಒಳ್ಳೆಯ ನಿಯಮ. ತನಗೇ ಮೊದಲು ಹೊಳೆಯಬಾರದಿತ್ತೇ ಎಂದು ಅಕ್ಕನಿಗೆ ಸಂಕಟವಾಯಿತು.

ಸೆಟ್ ಕರಕರ ಎಂದಿತು. ಮೇಡಂ ದನಿ, ಎಲ್ಲರನ್ನೂ ಒಬ್ಬೊಬ್ಬರಾಗಿ ವಿಚಾರಿಸುತ್ತಿತ್ತು. ನೆಲಮಾಳಿಗೆಯ ಸರದಿ ಬಂದಾಗ ಅಕ್ಕ ಕೇಳಿಸುತ್ತಿದೆ ಎಂದಳು. ಸರಿ ಎಂದಿತು ಆ ದನಿ, ಅದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ. ಮೇಲೆ, ಮೆಟ್ಟಿಲ ಕಟ್ಟೆಯ ಹತ್ತಿರ, ಗೆರೆಯ ಆಚೆ, ಈಗ ಅವಳು ಕೂತಿದ್ದಾಳೆ. ಸೀಳುಕಿಟಕಿಗೆ ಹೋಗಿ ಬಗ್ಗಿದರೆ ಹುಡುಗಿ ಅವಳಿಗೆ ಕಾಣುತ್ತಾಳೆ. ಆ ಯೋಚನೆ ಬಂದಾಗ ಹೊಟ್ಟೆಯೊಳಗೆ ಹಳೆಯ ಬೆಂಕಿ ಮತ್ತೆ ಕಣ್ಣು ಬಿಟ್ಟಿತು. ಬಿಡಲಿ ಎಂದುಕೊಂಡಳು ಅಕ್ಕ. ಅದನ್ನು ಆರಿಸುವ ವಿದ್ಯೆ ತನಗೆ ಗೊತ್ತಿಲ್ಲ.

“ನೆಲಮಾಳಿಗೆ, ಒಂದು ಬಿಳಿ ಕಾರು. ಬಿಡಲಾ?” ಮಗಳ ದನಿ. ಅಮ್ಮ ಅನ್ನಲಿಲ್ಲ, ನೆಲಮಾಳಿಗೆ ಅಂದಳು.

ಅಕ್ಕ ತಿರುವಿನ ಆಚೆ ಈಚೆ ನೋಡಿದಳು. ಯಾರೂ ಇರಲಿಲ್ಲ.

“ಬರಲಿ. ಬೆಳಿಗ್ಗೆ ಏನೂ ತಿನ್ನದೆ ಹೊರಟ್ಯಲ್ಲ, ಡಬ್ಬೀಲಿ—”

“ಅಕ್ಕ,” ಎಂದು ಮೇಡಂ ನಡುವೆ ಬಂದಳು, “ಬರಲಿ ಅಂದ್ರೆ ಸಾಕು. ಬೇರೆಯವರೂ ಇದ್ದಾರೆ.”

ಎಲ್ಲೋ ಒಬ್ಬ ಪೊಲೀಸಿನವನು ಬಟನ್ ಒತ್ತಿಕೊಂಡೇ ನಕ್ಕ. ಬಿಳಿ ಕಾರು ತಿರುವಿನಲ್ಲಿ ಕಾಣಿಸಿಕೊಂಡಿತು. ಅಕ್ಕ ಕೈ ಬೀಸಿ ಅದನ್ನು ಒಳಗೆ ಬಿಟ್ಟುಕೊಂಡಳು. ಅದು ನಿಂತು, ಜನ ಇಳಿದು, ಮೆಟ್ಟಿಲ ಕಡೆ ಹೋಗುವಷ್ಟರಲ್ಲಿ ಸೆಟ್ ಮತ್ತೆ ಕರಕರ ಎಂದಿತು.

“ನೆಲಮಾಳಿಗೆ, ಇನ್ನೊಂದು ಬರ್ತಿದೆ. ಬಿಡಲಾ?”

ಸಂಜೆಯವರೆಗೆ ಎಷ್ಟು ಕಾರು ಬರಬಹುದು ಎಂದು ಅವಳು ಯೋಚಿಸಿದಳು. ಒಂದೊಂದಕ್ಕೂ ಹುಡುಗಿ ತನ್ನನ್ನು ಕೇಳಲೇಬೇಕು.

“ಬರಲಿ,” ಎಂದಳು, ಅಷ್ಟೇ ಅಂದಳು, ಮತ್ತು ತಕ್ಷಣ ಬಟನ್ ಬಿಟ್ಟಳು.